ತಿಂಗಳ ಲೆಕ್ಕ

ಹದಿನೈದು ಡಾಲರಿಗೆ ಡಿಶ್ಶು, ಐದಕ್ಕೆ ಪೆಟ್ಟಿಗೆ,
ರಿಮೋಟು ಪುಕ್ಕಟೆ, ಬೆನ್ನಿಗೆ ಮುಚ್ಚಳ ಇಲ್ಲದ್ದಕ್ಕೆ.
ಗ್ರಾಫ್ಟನ್ನಿನ ಆಚೆ, ಯಾರದೋ ಶೆಡ್ಡಿನ ಬಾಗಿಲಲ್ಲಿ
ಸತ್ತವರ ಸಾಮಾನು ಮಾರುತ್ತಿದ್ದರು.
ಚಮಚಗಳ ರಾಶಿ, ಸ್ಕೇಟಿಂಗಿನ ಒಂಟಿ ಬೂಟು, ಹೊಲಿಗೆಯಂತ್ರ.
ಮತ್ತೆ ಇದು, ತೊಳೆದು ಬೋರಲು ಹಾಕಿದ ಬೋಗುಣಿಯ ಹಾಗೆ
ಹುಲ್ಲ ಮೇಲೆ ಮಕಾಡೆ ಬಿದ್ದಿತ್ತು.

ಕೊಳ್ಳುವ ಮೊದಲು ಆರ್ವಿಡ್ ಮೂರು ಪ್ರಶ್ನೆ ಕೇಳಿದ:
ಇದು ಕಂಪನಿಯ ಬಾಡಿಗೆ ಮಾಲೋ, ಸ್ವಂತದ್ದೋ?
ಹಳೇ ಬಾಕಿ ಏನಾದರೂ ಇದರ ತಲೆ ಮೇಲಿದೆಯೋ?
ಒಳಗಿನ ಕಾರ್ಡು ಒಳಗೇ ಇದೆಯೋ?
ಕುದುರೆ ಕೊಳ್ಳುವವರೂ ಇಷ್ಟು ಹಲ್ಲು ಎಣಿಸುವುದಿಲ್ಲ.
ನನ್ನನ್ನು ಅವನು ಏನೂ ಕೇಳಿರಲಿಲ್ಲ.
ಹನ್ನೊಂದು ವರ್ಷದ ಹಿಂದೆ, ಬೀಟ್ ಗಡ್ಡೆಯ ಗುಡ್ಡೆಯ ಪಕ್ಕ,
"ನನ್ನ ಗಾಡಿಯಲ್ಲಿ ಹೀಟರ್ ಇದೆ" ಅಂದಿದ್ದ. ಅಷ್ಟೆ.

ಅಂದಿನಿಂದ ತಿಂಗಳ ಲೆಕ್ಕದಲ್ಲೇ ಇದ್ದೇವೆ.
ಅಕ್ಟೋಬರಿಗೆ ಇಲ್ಲಿ, ಬೀಟಿನ ಸುಗ್ಗಿ, ಹನ್ನೆರಡು ತಾಸಿನ ಪಾಳಿ;
ಜನವರಿಗೆ ಅರಿಜೋನಾದ ಮರಳು; ಬೇಸಿಗೆಗೆ ಎಲ್ಲೋ
ಕ್ಯಾಂಪಿನ ಕಕ್ಕಸು ತೊಳೆದು, ಅದಕ್ಕೆ ಬದಲು ತಂಗಲು ಜಾಗ.
ಸಹಿ ಹಾಕುವುದೆಂದರೆ ಅವನಿಗೆ ಆಗದು.
ಒಂದು ಕಾಲಕ್ಕೆ ಹಾಕಿದ್ದ: ಮನೆಗೆ, ಟ್ರಕ್ಕಿಗೆ, ಒಬ್ಬಳ ಜೊತೆಗೆ.
ಮೂರನ್ನೂ ತೀರಿಸಿ ಮುಗಿಸುವಷ್ಟರಲ್ಲಿ
ಮೂರೂ ಇರಲಿಲ್ಲ.

ಭಾನುವಾರ ಕಂಬ ನೆಟ್ಟ.
ಕಂಬ ಅಂದರೆ ಬಕೆಟ್ಟು, ಬಕೆಟ್ಟಿನಲ್ಲಿ ಸಿಮೆಂಟು,
ಸಿಮೆಂಟಿನಲ್ಲಿ ಯಾವುದೋ ಬೇಲಿಯ ಪೈಪು.
ನೈಋತ್ಯಕ್ಕೆ ಮುಖ, ಇಷ್ಟು ಡಿಗ್ರಿ ಎತ್ತರ, ಇಷ್ಟು ವಾರೆ.
ನಾನು ಒಳಗೆ, ಪರದೆಯ ಮುಂದೆ. ಅವನು ಹೊರಗೆ, ಗಾಳಿಯಲ್ಲಿ.
"ಎಷ್ಟು?"
"ಸೊನ್ನೆ."
"ಈಗ?"
"ಸೊನ್ನೆ."
"ಈಗ?"
"ನಲವತ್ತು! ಅಲ್ಲಾಡಿಸಬೇಡ! ... ಹೋಯ್ತು."
ಕೂದಲೆಳೆ ಆಚೆ ಸರಿದರೆ ಆಕಾಶ ಖಾಲಿ.
ಮರ ಅಡ್ಡ ಅಂದ. ಮೋಡ ಅಂದ. ನಟ್ಟು ಸಡಿಲ ಅಂದ.
ಕೊನೆಗೆ ನನ್ನನ್ನೇ ಬೈದ, ತಡವಾಗಿ ಕೂಗುತ್ತೀ ಅಂತ.
ಆಮೇಲೆ ಎರಡು ಸಲ ಅಂಕಿ ಏರಿದ್ದು
ನೋಡಿಯೂ ನಾನು ಹೇಳಲಿಲ್ಲ.
ಮರಗಟ್ಟಲಿ ಬೆರಳು ಸ್ವಲ್ಪ.

ಎಪ್ಪತ್ತೆರಡಕ್ಕೆ ನಿಂತಿತು.

ಫೋನಿನಲ್ಲೊಬ್ಬ ಹುಡುಗ, ದನಿಯಲ್ಲಿ ಪಾಕ:
ಎರಡು ವರ್ಷಕ್ಕೆ ಕರಾರು, ಹೊಸ ಪೆಟ್ಟಿಗೆ ಪುಕ್ಕಟೆ,
ಮೂರು ತಿಂಗಳು ಸಿನಿಮಾ ಪುಕ್ಕಟೆ.
"ಬೇಡಪ್ಪ. ಪೆಟ್ಟಿಗೆ ನಮ್ಮದೇ. ಒಂದು ತಿಂಗಳು."
ಆಮೇಲೆ?
"ಆಮೇಲೆ ಇನ್ನೊಂದು ತಿಂಗಳು. ಇದ್ದರೆ."
ಮೇಲಿನವರನ್ನು ಕೇಳುತ್ತೇನೆ ಅಂದವನು ಸಂಗೀತ ಹಾಕಿ ಹೋದ.
ಅದು ಮುಗಿದು ಮತ್ತೆ ಮೊದಲಿಂದ, ಮತ್ತೆ ಮೊದಲಿಂದ.
ಬಂದು ಕಾರ್ಡಿನ ನಂಬರು ಕೇಳಿದ.
ಕನ್ನಡಕ ಹಣೆಗೇರಿಸಿ ಆರ್ವಿಡ್ ಒಂದೊಂದೇ ಅಂಕಿ ಓದಿದ.
ಆಮೇಲೆ ಹುಡುಗ, ಅವನ ಪಟ್ಟಿಯಲ್ಲಿ ಇದ್ದದ್ದಕ್ಕೆ ಕೇಳಿದನಷ್ಟೆ:
"ಖಾತೆ ಯಾರ ಹೆಸರಿಗೆ? ಜೊತೆಗೊಂದು ಹೆಸರು ಸೇರಿಸಬೇಕೆ?"

ಹೀಟರಿನ ಸದ್ದು.
ಗಾಡಿ ಅವನ ಹೆಸರಲ್ಲಿ. ಫೋನು ನನ್ನ ಹೆಸರಲ್ಲಿ.
ನಾಯಿ ಯಾರ ಹೆಸರಲ್ಲೂ ಇರಲಿಲ್ಲ,
ಅದು ತೀರಿಕೊಂಡ ದಿನ ಗೊತ್ತಾಯಿತು.
ಆರ್ವಿಡ್ ಕಿಟಕಿಯಾಚೆ ಬಕೆಟ್ಟು ನೋಡಿದ.
"ಬರೆದುಕೋ," ಅಂದ, "ಮಾರ್ವಾ ಲಿಂಡ್‌ಕ್ವಿಸ್ಟ್."
ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.
ನನ್ನ ಹೆಸರು ಅವನಿಗೆ ತಪ್ಪಿಲ್ಲದೆ ಬರುತ್ತದೆಂದು
ಆವತ್ತೇ ತಿಳಿದದ್ದು.
"ಇನ್ನೊಂದು ಹೆಸರು?"
"ಅವಳನ್ನೇ ಕೇಳು."
ತಿಂಗಳ ಲೆಕ್ಕವೇ ತಾನೆ, ಅಂತ ಎರಡು ಸಲ ಗಟ್ಟಿ ಮಾಡಿಕೊಂಡು
ಸೇರಿಸು ಅಂದೆ.

ಪರದೆ ನೀಲಿ, ಕಪ್ಪು, ಆಮೇಲೆ ಒಮ್ಮೆಲೇ ಬಣ್ಣ:
ಯಾವನೋ ಬಾಣಲೆ ಮಾರುತ್ತಿದ್ದ.
ಮೆಚ್ಚಿನ ಚಾನೆಲ್ಲುಗಳ ಪಟ್ಟಿ ತೆರೆದರೆ
ಅಲ್ಲೊಂದು ಹೆಸರು ಉಳಿದಿತ್ತು, ಆರ್ಡಿಸ್ ಅಂತ.
ಹವಾಮಾನ, ಕುದುರೆ ಹರಾಜು, ಹಳೇ ಪತ್ತೇದಾರಿ,
ರಾತ್ರಿಯೆಲ್ಲ ಪಿಯಾನೊ ನುಡಿಸುವ ಒಂದು ಚರ್ಚು.
ಅಳಿಸಲೆ? ಅಂತ ಪೆಟ್ಟಿಗೆ ಕೇಳಿತು.
ಬೇಡ ಒತ್ತಿದೆ. ಅವಳ ಬಾಕಿ ಏನೂ ಇರಲಿಲ್ಲವಲ್ಲ.

ಆರ್ವಿಡ್ ಆಗಲೇ ಗೊರಕೆ, ಬೂಟು ಕಳಚದೆ.
ಹೊರಗೆ ಗಾಳಿ ಎದ್ದಿತ್ತು. ಅಂಕಿ ನೋಡುತ್ತ ಕೂತೆ:
ಎಪ್ಪತ್ತೆರಡು, ಎಪ್ಪತ್ತು, ಎಪ್ಪತ್ತೊಂದು.
ಕೂಗಿ ಹೇಳಬೇಕಾಗಿರಲಿಲ್ಲ.